ಕಣ್ಣು ತೆರೆದೇ ಇತ್ತು, ನಿದ್ದೆ ಬಂದಿತ್ತು

‘ನಾನು ನಿದ್ದೆ ಮಾಡಿರ್ಲಿಲ್ಲ ಸಾರ್.’ ಅಪಘಾತವಾದ ಮೇಲೆ ಡ್ರೈವರ್ ಹೀಗಂದರೆ ಸುಳ್ಳು ಅಂದ್ಕೋತೀವಿ. ಸುಳ್ಳೇ ಆಗಿರಬೇಕಿಲ್ಲ ವೀಕ್ಷಕರೇ. ನಿದ್ದೆಯ ಮೊದಲ ಹಂತದಲ್ಲಿ ಎಬ್ಬಿಸಿದರೆ ಎಷ್ಟೋ ಜನ ‘ಎಚ್ಚರವಾಗೇ ಇದ್ದೆ’ ಅಂತಾರೆ. ಮೆದುಳು ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ಮಲಗಲ್ಲ. ನಿದ್ದೆಗೆಡಿಸಿದ ಇಲಿಗಳಲ್ಲಿ ಅಮೆರಿಕದ ವಿಜ್ಞಾನಿಗಳು 2011ರಲ್ಲಿ ಕಂಡದ್ದೂ ಇದನ್ನೇ: ಇಲಿ ಎಚ್ಚರವಾಗೇ ಇದೆ, ಮೆದುಳಿನ ಕೆಲವು ನರಕೋಶಗಳು ಮಾತ್ರ ಆಗಾಗ ನಿದ್ದೆಗೆ ಜಾರ್ತಿವೆ!

ಕೆಲವೇ ಸೆಕೆಂಡುಗಳ ನಿದ್ದೆಗೆ ಮೈಕ್ರೋಸ್ಲೀಪ್ ಅಂತ ಹೆಸರು. ಗಂಟೆಗೆ 80 ಕಿಲೋಮೀಟರ್ ವೇಗದ ಬಸ್ಸು 4 ಸೆಕೆಂಡಿನಲ್ಲಿ ಸುಮಾರು 89 ಮೀಟರ್ ಓಡಿರುತ್ತೆ. ಅಷ್ಟು ದೂರ ಸ್ಟೇರಿಂಗ್ ಹಿಡಿದಿದ್ದವರು ಯಾರು?

ಕಿಟಕಿ ತೆಗೆದು, ಹಾಡು ಹಾಕಿದರೆ ಸಾಲದು. ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಬೇಕು. ಆದರೆ ನಡುರಾತ್ರಿ ಬಸ್ಸು ನಿಂತರೆ ‘ಯಾಕ್ರೀ ನಿಲ್ಸಿದ್ರಿ?’ ಅಂತ ಮೊದಲು ಕೂಗೋರು ನಾವೇ.