ನೀರಿಗೊಬ್ಬ ಯಜಮಾನ: ಲಡಾಖಿನ ಚುರ್ಪೋನ್

ಲಡಾಖಿನ ಲೇಹ್ ಸುತ್ತಮುತ್ತ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿದರೂ 100 ಮಿಲಿಮೀಟರಿನ ಆಸುಪಾಸು. ಬರದ ಸೀಮೆ ಎಂದು ನಾವು ಮರುಗುವ ಚಳ್ಳಕೆರೆಯಲ್ಲೂ ಇದರ ನಾಲ್ಕು ಪಟ್ಟಾದರೂ ಮಳೆಯಾಗುತ್ತದೆ. ಆದರೂ ಸಮುದ್ರಮಟ್ಟದಿಂದ 3,000ದಿಂದ 4,000 ಮೀಟರ್ ಎತ್ತರದ ಆ ಬೋಳು ಬೆಟ್ಟಗಳ ನಡುವೆ ಅಲ್ಲೊಂದು ಇಲ್ಲೊಂದು ಹಸಿರು ತುಂಡು ಕಾಣುತ್ತದೆ: ಬಾರ್ಲಿ, ಗೋಧಿ, ಬಟಾಣಿ, ಕಾಲುವೆ ಬದಿಯಲ್ಲಿ ವಿಲೋ ಮತ್ತು ಪಾಪ್ಲರ್ ಮರ, ಕೊಂಚ ತಗ್ಗಿನ ಊರಾದರೆ ಜರ್ದಾಳು ತೋಪು. ಪ್ರವಾಸ ಕಥನಗಳು ಇದನ್ನು ಹಿಮನದಿಯ ಕೃಪೆ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ. ಅದು ಅರ್ಧ ಸತ್ಯ. ನೆತ್ತಿಯ ಮೇಲೆ ಹಿಮನದಿ ಇದ್ದೂ ಬರಡಾಗಿರುವ ಇಳಿಜಾರುಗಳು ಅಲ್ಲಿ ಬೇಕಾದಷ್ಟಿವೆ. ಊರು ಊರಾಗಿ ನಿಂತದ್ದು ನೀರು ಹಂಚುವ ಒಂದು ಏರ್ಪಾಡಿನಿಂದ. ಆ ಏರ್ಪಾಡಿನ ಜವಾಬ್ದಾರಿ ಹೊತ್ತವನೇ ಚುರ್ಪೋನ್.

ಅಲ್ಲಿನ ತೊಡಕು ನೀರು ಕಡಿಮೆ ಎನ್ನುವುದಷ್ಟೇ ಅಲ್ಲ, ಬೇಕಾದಾಗ ಬರುವುದಿಲ್ಲ ಎನ್ನುವುದು. ಬೇಸಾಯಕ್ಕೆ ಸಿಗುವ ಕಾಲ ನಾಲ್ಕೈದು ತಿಂಗಳು ಮಾತ್ರ. ಏಪ್ರಿಲ್-ಮೇ ತಿಂಗಳಲ್ಲಿ ಬಿತ್ತಿದ ಬಾರ್ಲಿ ಸೆಪ್ಟೆಂಬರಿನ ಚಳಿ ಬಲಿಯುವ ಮೊದಲೇ ಕೊಯ್ಲಿಗೆ ಬರಬೇಕು. ಆದರೆ 5,000 ಮೀಟರಿಗೂ ಮೇಲಿರುವ ಹಿಮನದಿಗಳು ಸರಿಯಾಗಿ ಕರಗತೊಡಗುವುದು ಜೂನ್ ಹೊತ್ತಿಗೆ. ನಡುವಿನ ಆ ಕೆಲವು ವಾರ ತಗ್ಗಿನ ಇಳಿಜಾರಿನ ಹಿಮ ಕರಗಿ ಬರುವ ಸಣ್ಣ ಝರಿಯೇ ಇಡೀ ಊರಿಗೆ ಗತಿ. ದಿನದ ಲೆಕ್ಕದಲ್ಲೂ ಇದೇ ಪೇಚಾಟ: ಹಿಮ ಕರಗುವುದು ಮಧ್ಯಾಹ್ನದ ಬಿಸಿಲಿಗೆ, ಆ ನೀರು ಊರು ಮುಟ್ಟುವಾಗ ಕತ್ತಲು. ಅದಕ್ಕೇ ಊರಿನ ಮೇಲ್ಗಡೆ ‘ಝಿಂಗ್’ ಎಂಬ ಕಟ್ಟೆ. ರಾತ್ರಿಯ ನೀರನ್ನು ಅದರಲ್ಲಿ ನಿಲ್ಲಿಸಿಕೊಂಡು ಹಗಲು ಬಿಡುತ್ತಾರೆ. ಅಲ್ಲಿಂದ ‘ಯುರಾ’ ಎಂಬ ಕಾಲುವೆಗಳು ಕವಲೊಡೆಯುತ್ತ ಹೊಲ ಸೇರುತ್ತವೆ. ಹೊಲದ ಬಾಯಿಗೆ ಗೇಟಿಲ್ಲ, ಬೀಗವಿಲ್ಲ; ಒಂದು ಚಪ್ಪಟೆ ಕಲ್ಲು, ಅದರ ಸಂದಿಗೆ ಹುಲ್ಲಿನ ಬೇರುಸಮೇತ ಕಿತ್ತ ಮಣ್ಣಿನ ಹೆಂಟೆ, ಅಷ್ಟೆ. ಸರದಿ ಬಂದಾಗ ಸಲಿಕೆಯಿಂದ ಹೆಂಟೆ ಎಬ್ಬಿಸಿ ಕಲ್ಲು ಸರಿಸಿದರೆ ನೀರು ಒಳಗೆ. ಮಡಿಯಿಂದ ಮಡಿಗೆ ಹಾಯಿಸಿ, ಮತ್ತೆ ಹೆಂಟೆ ಮೆತ್ತಿ ಬಾಯಿ ಮುಚ್ಚಿದರೆ ನೀರು ಪಕ್ಕದವರಿಗೆ. ಇಷ್ಟು ಸಲೀಸಾಗಿ ತೆರೆಯುವ ಬಾಯಿಯನ್ನು ಯಾರು ಬೇಕಾದರೂ ತೆರೆಯಬಹುದಲ್ಲ! ಕಾಯುವವನೊಬ್ಬ ಬೇಕಾದದ್ದು ಅದಕ್ಕೆ.

ಕೋಲಾರ, ತುಮಕೂರು ಕಡೆ ಕೆರೆಯ ತೂಬೆತ್ತಿ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದ ನೀರುಗಂಟಿಯನ್ನು ಬಲ್ಲವರಿಗೆ ಚುರ್ಪೋನ್‌ನ ಕೆಲಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರಿಗೆ ಮೊದಲು, ಎಷ್ಟು ಹೊತ್ತು, ಯಾವ ಕವಲಿಗೆ ಯಾವ ದಿನ ಎಂಬುದನ್ನು ನೋಡಿಕೊಳ್ಳುವವನು ಅವನೇ. ಕದ್ದು ನೀರು ತಿರುಗಿಸಿಕೊಂಡವರ ಮೇಲೆ ದೂರು ಒಯ್ಯುವವನೂ ಅವನೇ. ವ್ಯತ್ಯಾಸ ಒಂದಿದೆ. ನೀರುಗಂಟಿಕೆ ಹೆಚ್ಚಾಗಿ ಕೆಲವು ಮನೆತನಗಳಿಗೆ, ಅದರಲ್ಲೂ ದಲಿತ ಮನೆತನಗಳಿಗೆ, ತಲೆಮಾರಿನಿಂದ ತಲೆಮಾರಿಗೆ ಅಂಟಿಬಂದ ಕೆಲಸ. ಚುರ್ಪೋನ್ ಮಾತ್ರ ಬಹಳಷ್ಟು ಊರುಗಳಲ್ಲಿ ಮನೆಗಳ ಸರದಿಯಂತೆಯೋ ಊರವರ ಆಯ್ಕೆಯಂತೆಯೋ ಬದಲಾಗುತ್ತಾನೆ. ಈ ವರ್ಷ ನೀರು ಹಂಚುವವನು ಬರುವ ವರ್ಷ ಇನ್ನೊಬ್ಬನ ಕೈಯಿಂದ ನೀರು ಪಡೆಯಬೇಕು. ಅವನನ್ನು ಹದ್ದುಬಸ್ತಿನಲ್ಲಿಡಲು ಇದಕ್ಕಿಂತ ಬೇರೆ ಕಾನೂನು ಬೇಕಿಲ್ಲ. ಜಗಳ ಅವನ ಕೈಮೀರಿದರೆ ಊರ ಮುಖಂಡ ‘ಗೋಬಾ’ನ ಮುಂದೆ ಹೋಗುತ್ತದೆ. ಊರಿಗೂ ಊರಿಗೂ ನಡುವಿನ ಹಕ್ಕುಗಳನ್ನು 20ನೇ ಶತಮಾನದ ಆರಂಭದ ಕಂದಾಯ ಬಂದೋಬಸ್ತಿನಲ್ಲಿ ‘ರಿವಾಜ್-ಎ-ಆಬ್ಪಾಶಿ’ ಎಂಬ ದಾಖಲೆಯಾಗಿ ಬರೆದಿಡಲಾಯಿತು; ಇವತ್ತಿಗೂ ತಕರಾರು ಎದ್ದಾಗ ತೆರೆಯುವುದು ಅದನ್ನೇ. ಹಿಮನದಿ ಚೆನ್ನಾಗಿ ಕರಗಿ ಕಾಲುವೆ ತುಂಬಿ ಹರಿಯುವಾಗ ಸರದಿಯ ಬಿಗಿಯೂ ಸಡಿಲುತ್ತದೆ. ಬೇಡದ ಹೊತ್ತಿನಲ್ಲಿ ಅಧಿಕಾರ ತಾನಾಗಿ ಹಿಂದೆ ಸರಿಯುವ ಈ ಗುಣ ನಮ್ಮ ಕಚೇರಿಗಳಲ್ಲಿ ಕಂಡುಬರುವಂಥದ್ದಲ್ಲ. ಬಳಸುವವರೇ ನಿಯಮ ಮಾಡಿ, ಬಳಸುವವರಿಗೆ ಉತ್ತರ ಕೊಡಬೇಕಾದ ಕಾವಲುಗಾರನನ್ನು ಇಟ್ಟುಕೊಂಡ ಕಡೆ ಹಂಚಿಕೆಯ ಸಂಪತ್ತು ಬಹುಕಾಲ ಬಾಳುತ್ತದೆ ಎಂದು ತೋರಿಸಿಕೊಟ್ಟ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಲಡಾಖಿನ ರೈತರಿಗೆ ಅದು ಹೊಸ ವಿಷಯವಾಗಿರಲಿಲ್ಲ.

ಇದೆಲ್ಲ ಹಳೆಯದನ್ನು ಹಾಡಿ ಹೊಗಳುವ ಚಾಳಿ ಎಂಬ ಆಕ್ಷೇಪ ಬರುವುದು ಸಹಜ, ಅದರಲ್ಲಿ ಹುರುಳೂ ಇದೆ. ನೀರಿನ ಹಕ್ಕು ಭೂಮಿಯ ಹಕ್ಕಿಗೆ ಅಂಟಿಕೊಂಡದ್ದು. ಕೀಳು ಎಂದು ಎಣಿಸಲ್ಪಟ್ಟ ಮೋನ್, ಬೇಡ, ಗಾರ ಸಮುದಾಯಗಳ ವಾದ್ಯಗಾರರಿಗೆ, ಕಮ್ಮಾರರಿಗೆ ಭೂಮಿಯೇ ಅಷ್ಟಕ್ಕಷ್ಟೆ, ಇನ್ನು ನೀರೆಲ್ಲಿ? ಹೊಲಕ್ಕೆ ನೀರು ಕಟ್ಟುವ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದಿದ್ದರೂ ಹುದ್ದೆ ಗಂಡಸರದಾಗಿಯೇ ಉಳಿಯಿತು. ಮೇಲಿನ ಊರಿಗೆ ಸಿಕ್ಕುವಷ್ಟು ಕೆಳಗಿನ ಊರಿಗೆ ಸಿಗುವುದಿಲ್ಲ. ಹೀಗಾಗಿ ಚುರ್ಪೋನ್ ಸಮಾನತೆಯ ಪ್ರತಿನಿಧಿ ಎನ್ನಲು ಬರುವುದಿಲ್ಲ. ಆದರೆ ಅವನ ಏರ್ಪಾಡಿನಲ್ಲಿ ಅನ್ಯಾಯ ಎಲ್ಲರ ಕಣ್ಣಿಗೆ ಕಾಣುವಂತೆ ಇರುತ್ತದೆ. ಅದನ್ನು ಪ್ರಶ್ನಿಸಲು ಒಂದು ಜಾಗ, ತಿದ್ದಲು ಒಂದು ವಿಧಾನ ಇರುತ್ತದೆ. ಸರದಿಯಲ್ಲಿ ಇನ್ನೊಂದು ಮನೆಯನ್ನು ಸೇರಿಸಬಹುದು, ಹುದ್ದೆಗೆ ಹೆಣ್ಣೊಬ್ಬಳನ್ನು ತರಬಹುದು. ಏರ್ಪಾಡೇ ಇಲ್ಲವಾದ ಮೇಲೆ ಉಳಿಯುವುದು ಪಂಪು ಕೊಳ್ಳುವ ತಾಕತ್ತು ಮಾತ್ರ.

ಎರಡನೇ ಆಕ್ಷೇಪ ತಂತ್ರಜ್ಞಾನದ ಕಡೆಯಿಂದ ಬರುತ್ತದೆ. ಹಿಮನದಿಗಳೇ ಹಿಂದೆ ಸರಿಯುತ್ತಿರುವಾಗ ಹಂಚುವವನನ್ನು ಇಟ್ಟುಕೊಂಡು ಏನು ಮಾಡುವುದು ಎಂಬ ಪ್ರಶ್ನೆ ಅದು. ಝಂಸ್ಕಾರ್ ಕಣಿವೆಯ ಕುಮಿಕ್ ಎಂಬ ಹಳೆಯ ಊರಿಗೆ ನೀರೂಡುವ ಝರಿ ಸೊರಗಿ, ಮನೆಗಳು ಕೆಳಗಿನ ಬಯಲಿಗೆ ಸ್ಥಳಾಂತರವಾಗಬೇಕಾಯಿತು. ಅಲ್ಲಿ ಯಾವ ಚುರ್ಪೋನ್ ಇದ್ದರೂ ಇಲ್ಲದ ನೀರನ್ನು ಹಂಚಲಾರ. ನಿಜ. ಇದಕ್ಕೆ ತಂತ್ರಜ್ಞಾನ ಕೊಟ್ಟ ಉತ್ತರಗಳೂ ಇವೆ. ಸರ್ಕಾರಿ ಇಂಜಿನಿಯರಾಗಿದ್ದ ಚೆವಾಂಗ್ ನೋರ್ಫೆಲ್ 1980ರ ದಶಕದಿಂದಲೇ ಚಳಿಗಾಲದಲ್ಲಿ ವ್ಯರ್ಥ ಹರಿಯುವ ನೀರನ್ನು ಊರಿನ ಹತ್ತಿರದ ನೆರಳಿನ ಕಣಿವೆಗಳಲ್ಲಿ ಕಲ್ಲಿನ ಒಡ್ಡುಗಳ ಹಿಂದೆ ಹೆಪ್ಪುಗಟ್ಟಿಸಿದರು. ಅದಕ್ಕೆ 2015ರಲ್ಲಿ ಪದ್ಮಶ್ರೀ ಸಂದಿತು. ಸೋನಂ ವಾಂಗ್ಚುಕ್ 2013-14ರ ಚಳಿಗಾಲದಲ್ಲಿ ಕೊಳವೆಯ ನೀರನ್ನು ಗುರುತ್ವದ ಒತ್ತಡದಿಂದಲೇ ಚಿಮ್ಮಿಸಿ ಗೋಪುರದಂತೆ ಹಿಮಸ್ತೂಪ ಬೆಳೆಸಿದರು. ಗೋಪುರದ ಆಕಾರ ಯಾಕೆಂದರೆ ಬಿಸಿಲಿಗೆ ಒಡ್ಡಿಕೊಳ್ಳುವ ಮೈ ಕಡಿಮೆ, ಮೇ ತಿಂಗಳವರೆಗೂ ತಡೆದು ಕರಗುತ್ತದೆ. ಎರಡೂ ನೀರಿನ ಕಾಲವನ್ನು ಹಿಂದುಮುಂದು ಮಾಡುವ ಉಪಾಯಗಳೇ, ಹೊಸ ನೀರನ್ನು ಹುಟ್ಟಿಸುವಂಥವಲ್ಲ. ಕಾಲ ಬದಲಾದೊಡನೆ ಹಕ್ಕಿನ ಪ್ರಶ್ನೆಯೂ ಏಳುತ್ತದೆ: ಹಿಂದೆ ಯಾರೂ ಕೇಳದಿದ್ದ ಚಳಿಗಾಲದ ನೀರನ್ನು ಮೇಲೂರು ಹಿಡಿದಿಟ್ಟುಕೊಂಡರೆ ಕೆಳಗಿನ ಊರು ಸುಮ್ಮನಿದ್ದೀತೇ? ಕೊಳವೆ ಹಾಕಿದವರು ಉತ್ತರಿಸಲಾಗದ ಪ್ರಶ್ನೆಯಿದು. ಒಡ್ಡು ಕುಸಿದಾಗ ಕಟ್ಟುವವರು, ಕೊಳವೆಯೊಳಗೆ ನೀರು ಗಡ್ಡೆಕಟ್ಟಿದಾಗ ನಡುರಾತ್ರಿ ಎದ್ದು ಹೋಗುವವರು ಯಾರು ಎಂಬುದಕ್ಕೂ ಊರಿನ ಏರ್ಪಾಡೇ ಉತ್ತರ ಕೊಡಬೇಕು.

ಮೂರನೇ ಮಾತು ಇವೆಲ್ಲಕ್ಕಿಂತ ಗಟ್ಟಿ: ಬೇಸಾಯವೇ ಯಾರಿಗೂ ಬೇಡವಾಗಿರುವಾಗ ಈ ಚರ್ಚೆ ಯಾಕೆ? 1962ರ ಯುದ್ಧದ ನಂತರ ಸೇನೆ ದೊಡ್ಡ ಸಂಖ್ಯೆಯಲ್ಲಿ ಬಂತು, ಜೊತೆಗೆ ರಸ್ತೆ ಮತ್ತು ಕೂಲಿ. 1974ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆಯಿತು. ಪಡಿತರದ ಅಕ್ಕಿ ಬಾರ್ಲಿಯ ಹುರಿಹಿಟ್ಟಿನ ಜಾಗಕ್ಕೆ ಬಂತು. ಆಸ್ತಿ ಒಡೆಯದಂತೆ, ಕೈಗಳು ಒಂದೇ ಮನೆಯಲ್ಲಿ ಉಳಿಯುವಂತೆ ನೋಡಿಕೊಂಡಿದ್ದ ಸಹೋದರ ಬಹುಪತಿತ್ವವನ್ನು 1940ರ ದಶಕದ ಕಾನೂನು ನಿಷೇಧಿಸಿತ್ತು. ಅದು ಸರಿಯಾದ ಕಾನೂನೇ. ಇವತ್ತು ಎಷ್ಟೋ ಮನೆಗಳ ಮಕ್ಕಳು ಲೇಹ್‌ನಲ್ಲೋ ಜಮ್ಮುವಿನಲ್ಲೋ ಓದುತ್ತಾರೆ, ಸುಗ್ಗಿಗೆ ನೇಪಾಳ, ಬಿಹಾರಗಳಿಂದ ಕೂಲಿಗಳು ಬರುತ್ತಾರೆ. ಯಾರನ್ನೂ ಹೊಲಕ್ಕೆ ಕಟ್ಟಿಹಾಕುವ ಹಕ್ಕು ನಮಗಿಲ್ಲ, ಬೆಂಗಳೂರಿನಲ್ಲಿ ಕುಳಿತು ಹಳ್ಳಿ ಉಳಿಯಲಿ ಎನ್ನುವವರಿಗಂತೂ ಇಲ್ಲವೇ ಇಲ್ಲ. ಆದರೆ ಇದರಿಂದ ಒಂದು ತೀರ್ಮಾನವಂತೂ ಹೊರಡುತ್ತದೆ: ಮನೆಗೊಬ್ಬರಂತೆ ಬಂದು ಕಾಲುವೆಯ ಹೂಳೆತ್ತುವ ಕೈಗಳು ಇಲ್ಲವಾದರೆ ಹಿಮ ಎಷ್ಟೇ ಕರಗಿದರೂ ನೀರು ಹೊಲ ತಲುಪುವುದಿಲ್ಲ. ಕಾಂಕ್ರೀಟ್ ಕಾಲುವೆ ಕಟ್ಟಿಸುವ ಯೋಜನೆಗಳು ನೋಡಿಕೊಳ್ಳುವವನ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚುರ್ಪೋನ್‌ಗೆ ಮನೆಮನೆಯಿಂದ ಧಾನ್ಯ ಸಲ್ಲುತ್ತಿದ್ದಾಗ ಆ ಲೆಕ್ಕ ಇತ್ತು.

ಬೇಸಾಯ ಬಿಟ್ಟವರಿಗೆ ಹಂಚಿಕೆ ಬೇಡ ಎನ್ನುವುದೂ ಸುಳ್ಳು. ಲೇಹ್ ಪಟ್ಟಣವನ್ನೇ ನೋಡಿ. ಹೋಟೆಲು, ಅತಿಥಿಗೃಹಗಳು ಹೆಚ್ಚಿದಂತೆ ಕೊಳವೆಬಾವಿಗಳೂ ಹೆಚ್ಚಿವೆ. ಹಳ್ಳಿಯ ಒಣ ಪಾಯಿಖಾನೆ ಗೊಬ್ಬರ ಕೊಡುತ್ತಿತ್ತು, ಹೋಟೆಲಿನದು ನೀರು ಕೇಳುತ್ತದೆ. ಝರಿಯ ನೀರಿನ ಮೇಲೆ ಯಾರ ಹಕ್ಕು ಎಷ್ಟು ಎಂದು ನೂರು ವರ್ಷದ ಹಿಂದೆಯೇ ಬರೆದಿಟ್ಟ ಜಿಲ್ಲೆಯದು. ಅದೇ ಹಿಮ ನೆಲಕ್ಕಿಳಿದು ಅಂತರ್ಜಲವಾದ ಮೇಲೆ ಅದಕ್ಕೆ ಸರದಿಯಿಲ್ಲ, ರಿವಾಜಿಲ್ಲ, ಚುರ್ಪೋನ್ ಇಲ್ಲ. ಆಳಕ್ಕೆ ಕೊರೆದವನಿಗೆ ಮೊದಲ ಪಾಲು.