ಗೋಡೆಯಡಿಯ ಬಿಸಿನೀರು

ಅಮೆರಿಕದ ಈಶಾನ್ಯ ಭಾಗದಲ್ಲಿ, ಎರಡನೆಯ ಮಹಾಯುದ್ಧದ ತರುವಾಯ ಕಟ್ಟಿದ ಅನೇಕ ಮನೆಗಳಲ್ಲಿ, ಗೋಡೆಯ ಬುಡದುದ್ದಕ್ಕೂ ತಗಡಿನ ನೀಳವಾದ ಗೂಡೊಂದು ಸಾಗುತ್ತದೆ. ಅದರೊಳಗೆ ತಾಮ್ರದ ಕೊಳವೆ. ಕೊಳವೆಗೆ ಪೋಣಿಸಿದ ಅಲ್ಯುಮಿನಿಯಮ್ಮಿನ ತೆಳುರೆಕ್ಕೆಗಳು. ನೆಲಮಾಳಿಗೆಯ ಬಾಯ್ಲರಿನಲ್ಲಿ ಕಾದ ನೀರನ್ನು ಪಂಪು ಇದರಲ್ಲಿ ಸುತ್ತಿಸುತ್ತದೆ. ಕೆಳಗಿನಿಂದ ನುಗ್ಗಿದ ತಂಗಾಳಿ ರೆಕ್ಕೆಗಳ ನಡುವೆ ಕಾದು ಮೇಲೇರುತ್ತದೆ. ನಮ್ಮ ಬಚ್ಚಲ ಹಂಡೆಯ ದೂರದ ಬಂಧು ಎನ್ನಬಹುದು.

ಜನವರಿಯ ರಾತ್ರಿ ಒಂದು ಕೋಣೆ ಮಾತ್ರ ತಣ್ಣಗಾದರೆ ಮನೆಯವರು ಹೆದರುವುದು ಸಹಜ. ಅಲ್ಲಿ ನಿಂತ ನೀರು ಹೆಪ್ಪುಗಟ್ಟಿದರೆ ಗಾತ್ರದಲ್ಲಿ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ, ತಾಮ್ರವನ್ನೇ ಸೀಳಬಲ್ಲದು. ಆದರೆ ಅನೇಕ ವೇಳೆ ಅಪರಾಧಿ ಬರಿಯ ಗಾಳಿ. ಕೊಳವೆಯ ಎತ್ತರದ ಭಾಗದಲ್ಲಿ ಸೇರಿಕೊಂಡು ನೀರಿನ ದಾರಿ ಕಟ್ಟುತ್ತದೆ. ಗುಳುಗುಳು ಸದ್ದೇ ಅದರ ಸುಳಿವು. (ಟಿಕ್ ಟಿಕ್ ಎಂಬುದು ಬೇರೆ, ಅದು ಕಾದ ತಾಮ್ರ ಹಿಗ್ಗುವ ಸದ್ದು, ಅಂಜಬೇಕಾಗಿಲ್ಲ.)

ಪಂಪನ್ನು ನಿಲ್ಲಿಸಿ, ನೀರು ತಣಿದ ಮೇಲೆ, ಗೂಡಿನ ತುದಿಯಲ್ಲಿರುವ ಪುಟ್ಟ ತಿರುಪನ್ನು ಕಾಲು ಸುತ್ತು ಸಡಿಲಿಸಬೇಕು; ಕೆಳಗೊಂದು ಬಟ್ಟಲಿರಲಿ. ಮೊದಲು ಬುಸುಗುಟ್ಟುವ ಗಾಳಿ, ಬಳಿಕ ಉಗುಳುಗುಳಾಗಿ ನೀರು, ಕೊನೆಗೆ ಎಡೆಬಿಡದ ಧಾರೆ. ಆಗ ಮುಚ್ಚಬೇಕು. ಎರಡಂತಸ್ತಿನ ಮನೆಯಾದರೆ, ತಣ್ಣಗಿರುವಾಗ ಬಾಯ್ಲರಿನ ಒತ್ತಡ ಚದರ ಅಂಗುಲಕ್ಕೆ 12 ಪೌಂಡಿನ ಆಸುಪಾಸಿನಲ್ಲಿದೆಯೇ ಎಂದು ನೋಡುವುದು ಒಳ್ಳೆಯದು. ಬೆಂಕಿಯ ಭಾಗಕ್ಕೆ ಮಾತ್ರ ಕೈಯಿಕ್ಕದೆ ಬಲ್ಲವರನ್ನು ಕರೆಯಬೇಕು.

ಇಷ್ಟೆಲ್ಲ ಮಾಡಿದರೂ ಚಳಿ ಬಿಡದಿದ್ದರೆ ಗೂಡಿನ ಮುಂದೆ ಕುಳಿತು ನೋಡಿ. ರೆಕ್ಕೆಗಳಲ್ಲಿ ವರ್ಷಗಳ ಧೂಳು ಕುಳಿತಿರಬಹುದು. ಸೋಫಾ ಗೂಡಿನ ಬಾಯಿಗೆ ಒತ್ತಿರಬಹುದು. ಅದನ್ನು ಗೇಣುದ್ದ ಈಚೆಗೆಳೆದರೆ ಗಾಳಿ ಮತ್ತೆ ಆಡತೊಡಗುತ್ತದೆ.