ದಂಡದಿಂದ ಶಿಸ್ತೆ?

ತಡವಾಗಿ ಬರುವವನು, ಹೇಳದೆ ಮನೆಯಲ್ಲುಳಿಯುವವನು, ಯಂತ್ರವನ್ನು ಅಲಕ್ಷ್ಯದಿಂದ ನಡೆಸುವವನು ಯಾವ ಕಾರಖಾನೆಯಲ್ಲಿಲ್ಲ? ಅಂಥವನನ್ನು ತಿದ್ದುವ ಬಗೆ ಯಾವುದೆಂಬ ಪ್ರಶ್ನೆಯು, ರೇಲ್ವೆ ಕಾರಖಾನೆಯೊಂದಿಗೆ ಬೆಳೆದ ಹುಬ್ಬಳ್ಳಿಗೆ ಹೊಸದಲ್ಲ.

ದಂಡ, ಅಮಾನತು, ಬಡತರ್ಫಿ ಇವೇ ಹಳೆಯ ಉಪಾಯಗಳು. ರೇಲ್ವೆಗೂ ಕಾರಖಾನೆಗಳಿಗೂ ಅನ್ವಯಿಸಿದ 1936ರ ವೇತನ ಪಾವತಿ ಕಾಯದೆಯು ದಂಡಕ್ಕೆ ಮಿತಿಯನ್ನು ಹಾಕಿತು. ಅದು ಪಗಾರದ ರೂಪಾಯಿಗೆ ಅರ್ಧಾಣೆಯನ್ನು ಮೀರಕೂಡದು; ನೌಕರನ ಸಮಜಾಯಿಷಿಯನ್ನು ಕೇಳದೆ ವಿಧಿಸಕೂಡದು; ಕೂಡಿದ ಹಣವನ್ನು ನೌಕರರ ಹಿತಕ್ಕೇ ವೆಚ್ಚಮಾಡತಕ್ಕದ್ದು ಎಂದು ಗೊತ್ತುಪಡಿಸಿತು. ಆದರೆ ಮಿತವಾದ ದಂಡವೂ ದಂಡವೇ. ಪಗಾರದಲ್ಲಿ ಮುರಿದುಕೊಂಡ ಹಣದ ನೋವು ತಪ್ಪು ಮಾಡದ ಹೆಂಡಿರುಮಕ್ಕಳಿಗೆ ತಟ್ಟುತ್ತದೆ. ತಪ್ಪಿತಸ್ಥನು ತನ್ನ ತಪ್ಪನ್ನು ಮರೆತು ಮೇಲಧಿಕಾರಿಯ ಮೇಲಿನ ಸಿಟ್ಟನ್ನೇ ಬೆಳೆಸಿಕೊಳ್ಳುತ್ತಾನೆ.

ಕೆನಡಾದ ಪ್ಲೈವುಡ್ ಗಿರಣಿಯೊಂದರ ಅನುಭವವನ್ನು ಜಾನ್ ಹ್ಯೂಬರ್‌ಮನ್ ಎಂಬವರು 1964ರಲ್ಲಿ ಪ್ರಕಟಿಸಿದರು. ಅಲ್ಲಿ ದಂಡನೆಯನ್ನು ಕೈಬಿಟ್ಟು, ಮೊದಲು ಏಕಾಂತದಲ್ಲಿ ಮಾತನಾಡುತ್ತಿದ್ದರು. ಆಮೇಲೂ ತಪ್ಪುತ್ತ ಹೋದವನನ್ನು ಪೂರ್ಣ ಪಗಾರದೊಡನೆ ಮನೆಗೆ ಕಳುಹಿಸಿ, ನಿಯಮವನ್ನು ಪಾಲಿಸುವೆಯೋ ಕೆಲಸ ಬಿಡುವೆಯೋ ನೀನೇ ನಿಶ್ಚಯಿಸೆಂದು ಹೇಳುತ್ತಿದ್ದರು. ಮತ್ತೂ ತಪ್ಪಿದವನಿಗಷ್ಟೇ ಬಡತರ್ಫಿ.

ಇದು ದೌರ್ಬಲ್ಯವೆಂದು ಕೆಲವರು ನಗಬಹುದು. ನಾವು ಹಾಗೆ ಬಗೆಯೆವು. ದಂಡ ತೆತ್ತವನ ಲೆಕ್ಕವು ಅಲ್ಲಿಗೆ ತೀರುತ್ತದೆ. ಮಾತು ಕೊಟ್ಟವನ ಹೊಣೆಯು ಅಲ್ಲಿಂದ ಆರಂಭವಾಗುತ್ತದೆ.

ಹುಬ್ಬಳ್ಳಿ-ಧಾರವಾಡದ ಕಾರಖಾನೆ, ಬಸ್ ಡಿಪೋ, ಅಂಗಡಿ, ಕಚೇರಿಗಳ ಒಡೆಯರೂ ಅಧಿಕಾರಿಗಳೂ ಮುಂದಿನ ನೋಟೀಸಿಗೆ ಸಹಿ ಹಾಕುವ ಮುನ್ನ ಆ ನೌಕರನನ್ನು ಕರೆದು ಕೂಡಿಸಿ, ಕಾರಣವೇನೆಂದು ಕೇಳಲಿ. ಪ್ರಜೆಯನ್ನೇ ಪ್ರಭುವೆಂದು ಒಪ್ಪಿದ ರಾಷ್ಟ್ರವು, ದುಡಿಯುವವನನ್ನು ಬೆತ್ತಕ್ಕಂಜುವ ಬಾಲಕನಂತೆ ಕಾಣುವುದು ಸಲ್ಲದು.